ಸೂಜಿಯದೋ ಸಿಂದಗಿಯದೋ

ಮಸೂತಿ ಎಂಬ ಊರಿನಲ್ಲಿ ಸೂಜಿ ಅಂದರೆ ಎಲ್ಲವೂ ಸೂಜಿಯೇ. ಜ್ವರಕ್ಕೆ ಚುಚ್ಚಿಸಿಕೊಂಡರೂ ಸೂಜಿ, ನಾಯಿ ಕಚ್ಚಿದ್ದಕ್ಕೂ ಸೂಜಿ, ಎಮ್ಮೆಗೆ ಗಂಟಲುಬೇನೆ ಬಾರದ ಹಾಗೆ ಹಾಕಿಸುವುದೂ ಸೂಜಿ, ಹಸುಗೂಸಿನ ಲಸಿಕೆಯೂ ಸೂಜಿ. "ಸೂಜಿ ಮಾಡಿಸೇವ್ರಿ" ಅಂದುಬಿಟ್ಟರೆ ಮಾತು ಮುಗಿಯಿತು. ಯಾವ ಸೂಜಿ, ಯಾತಕ್ಕೆ ಅಂತ ಬೆನ್ನು ಹತ್ತಿ ಕೇಳುವವಳು ಇಡೀ ಊರಿಗೆ ಒಬ್ಬಳೇ, ಆಶಾ ಕಾರ್ಯಕರ್ತೆ ಜಯಮಾಲಾ. "ಯಾವ ಸೂಜಿ? ತಾಯಿ ಕಾರ್ಡ್ ತೋರಸ್ರಿ. ತಾರೀಖು ಎಲ್ಲೈತಿ?" ಅಂತ ಹೊಸ್ತಿಲಲ್ಲೇ ಕೂತುಬಿಡುವಳು. ಕಾರ್ಡು ಸಿಗಲಿಲ್ಲ ಅಂದರೆ ಟ್ರಂಕು ತೆಗೆಸುವಳು. ಅವಳು ಓಣಿಗೆ ಬಂದಳೆಂದರೆ ಹೆಂಗಸರು, "ಬಂದ್ಳವಾ ತಾರೀಖಿನಾಕಿ" ಅಂತ ನಗುತ್ತಿದ್ದರು.

ಇಂಥವಳು ಎಡವಿದ್ದು ತನ್ನ ಮನೆಯಲ್ಲೇ ನೋಡಿ.

ಅವಳ ಮೈದುನನ ಹೆಂಡತಿ ಭಾಗ್ಯಜ್ಯೋತಿ ಇಂಡಿಯವಳು. ತವರಿನಲ್ಲಿ ಲಿಂಬೆ ತೋಟ. ಮಗಳು ಶೇವಂತಿಗೆ ಒಂಬತ್ತು ತಿಂಗಳಾದಾಗ ತವರಿಗೆ ಹೋದವಳು ಎರಡು ತಿಂಗಳು ಬಿಟ್ಟು, ಒಂದು ಚೀಲ ಲಿಂಬೆಹಣ್ಣು ಹೊತ್ತುಕೊಂಡು ಬಂದಳು. ಜಯಮಾಲಾ ಆವತ್ತು ರೊಟ್ಟಿ ಬಡಿಯುತ್ತಿದ್ದಳು. "ಕೂಸಿಗೆ ಒಂಬತ್ತು ತಿಂಗಳದ್ದು ಆತೇನ?" ಅಂತ ಕೇಳಿದಳು. "ಇಂಡ್ಯಾಗ ಸೂಜಿ ಮಾಡಿಸೇವಿ ಯಕ್ಕಾ" ಅಂದಳು ಭಾಗ್ಯಾ. ಬೇರೆ ಯಾರ ಮನೆಯಾಗಿದ್ದರೂ ಜಯಮಾಲಾ ಅಲ್ಲಿಗೆ ಬಿಡುತ್ತಿರಲಿಲ್ಲ. ಇದು ಮನೆಯ ಮಾತು, ಅದೂ ಭಾಗ್ಯಾನ ಮಾತು. ಹಿಟ್ಟಿನ ಕೈ ಒರೆಸಿಕೊಂಡು ಕಾರ್ಡು ತೆಗೆದು, ದಡಾರ-ರುಬೆಲ್ಲಾ ಎಂದು ಬರೆದ ಚೌಕದಲ್ಲಿ ಒಂದು ಟಿಕ್ ಹಾಕಿದಳು. ತಾರೀಖು ಹಾಕಲಿಲ್ಲ.

ಅದಾಗಿ ಐದು ತಿಂಗಳು ಕಳೆಯಿತು. ಶೇವಂತಿಗೆ ಹದಿನಾರು ತಿಂಗಳು ತುಂಬಿತು. ಒಂದು ಗುರುವಾರ ಅಂಗನವಾಡಿಯಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡನೆಯ ಸಲದ್ದೆಂದು ತಿಳಿದು ಜಯಮಾಲಾ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದಳು. ಹನ್ನೊಂದನೆಯ ದಿನ, ಸೋಮವಾರ ಬೆಳಿಗ್ಗೆ, ಕೂಸಿನ ತಲೆಗೆ ನೀರು ಹಾಕುವಾಗ ಕಿವಿಯ ಹಿಂದೆ ಕೆಂಪಗೆ ರವೆಯಂಥ ಗುಳ್ಳೆಗಳು ಕಂಡವು. ಬೆರಳಿಟ್ಟು ಒತ್ತಿದರೆ ಅಲ್ಲೇ ಕೆಳಗೆ ಸಣ್ಣ ಗಂಟು. ಮೈ ಬೆಚ್ಚಗಿತ್ತು. ಜಯಮಾಲಾಳ ಕೈಯಿಂದ ಚೊಂಬು ಜಾರಿತು.

"ಏನಾತ?" ಅಂದಳು ಅತ್ತೆ ರುಕ್ಮವ್ವ, ಒಳಗಿನಿಂದ.

ರುಕ್ಮವ್ವ ಬಂದು ನೋಡಿದಳು, ಎರಡೂ ಕೈ ಜೋಡಿಸಿದಳು. "ತಾಯಿ ಬಂದಾಳ. ಒಗ್ಗರಣಿ ಹಾಕಬ್ಯಾಡ್ರಿ ಇವತ್ತಿನಿಂದ. ಬೇವಿನ ತೊಪ್ಪಲಾ ತರಸ್ರಿ. ಭಾಗ್ಯಾ, ಬಾ ಇಲ್ಲಿ, ಕೂಸಿನ್ನ ತೊಡಿಮ್ಯಾಲ ತಗೊಂಡು ಕೂಡು. ಹಡದಾಕಿ ಮುಟ್ಟಿದ್ರ ತಾಯಿ ತಣ್ಣಗಾಗ್ತಾಳ."

"ಬ್ಯಾಡ!" ಅಂತ ಕೂಗಿದಳು ಜಯಮಾಲಾ. ಕೂಗಿದ ರಭಸಕ್ಕೆ ಕೂಸು ಬೆದರಿ ಅಳತೊಡಗಿತು. "ಭಾಗ್ಯಾ, ನೀ ಅಲ್ಲೇ ನಿಂದ್ರು. ಮುಂದ ಬರಬ್ಯಾಡ."

ಭಾಗ್ಯಾ ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತುಬಿಟ್ಟಳು. ಅವಳಿಗೆ ಎರಡು ತಿಂಗಳು. ಪಟ್ಟಿಯ ಮೇಲೆ ಎರಡು ಗೆರೆ ಮೂಡಿದ್ದನ್ನು ಇಬ್ಬರೂ ನೆಗೆಣ್ಣಿಯರು ಬಚ್ಚಲಮನೆಯಲ್ಲಿ ನಿಂತು ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದರು. ಇನ್ನೂ ತಿಂಗಳೂ ಆಗಿರಲಿಲ್ಲ.

ಮಧ್ಯಾಹ್ನಕ್ಕೆ ಆಸ್ಪತ್ರೆಯಿಂದ ಡಾಕ್ಟರ್ ವರದಾ ಬಂದರು. ವಿಜಯಪುರದ ಹುಡುಗಿ, ಮೂವತ್ತೂ ಆಗಿರಲಿಕ್ಕಿಲ್ಲ. ಮಾತು ಮಾತ್ರ ನಿಧಾನ, ಎಣಿಸಿ ಎಣಿಸಿ. ಕೂಸಿನ ಗಂಟಲಿಗೆ ಹತ್ತಿಯ ಕಡ್ಡಿ ತಿರುವಿ ಒಂದು ಡಬ್ಬಿಗೆ ಹಾಕಿದರು. ಭಾಗ್ಯಾಳ ತೋಳಿನಿಂದಲೂ ರಕ್ತ ತೆಗೆದುಕೊಂಡರು. ಆಮೇಲೆ ಕಾರ್ಡು ತಿರುವಿ ಹಾಕಿ, ಜಯಮಾಲಾಳನ್ನು ಕಟ್ಟೆಗೆ ಕರೆದರು.

"ಜಯಮಾಲಾ, ಒಂಬತ್ತು ತಿಂಗಳದ್ದಕ್ಕ ಟಿಕ್ ಅದ. ತಾರೀಖು ಇಲ್ಲ."

ಜಯಮಾಲಾ ಅಷ್ಟರಲ್ಲಾಗಲೇ ಇಂಡಿಗೆ ಫೋನು ಮಾಡಿದ್ದಳು. ಭಾಗ್ಯಾಳ ತಾಯಿ ಸಂತೋಷದಿಂದ, "ಹೂಂನವಾ, ಕೂಸಿಗೆ ಜ್ವರ ಬಂದಿತ್ತು, ಒಂದ ಸೂಜಿ ಮಾಡಿಸಿದ್ವಿ ನೋಡು, ಹಿಂಗಂದ್ರ ಹಿಂಗ ಇಳೀತು" ಅಂದಿದ್ದಳು.

"ಅದು ಜ್ವರದ ಸೂಜಿರಿ ಮೇಡಂ" ಅಂದಳು ಜಯಮಾಲಾ. ತಲೆ ಎತ್ತಲಿಲ್ಲ. "ನಾ ಕೇಳಲಿಲ್ಲ. ಮನಿಯಾಕಿ ಹೇಳಿದ್ಲು ಅಂತ ಟಿಕ್ ಹಾಕ್ದೆ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಜಯಮಾಲಾಗೆ.

"ಹಂಗಾದ್ರ ಮೊನ್ನೆದ್ದ ಮೊದಲನೇ ಡೋಸು. ಮೊದಲನೇದಕ್ಕ ಕೆಲವು ಕೂಸುಗಳಿಗೆ ಹಿಂಗ ಸಣ್ಣಗ ಗುಳ್ಳಿ ಏಳ್ತಾವ, ಅದೇನೂ ಅಂಜೂದಲ್ಲ. ಅದಿರಲಿ, ಈ ಕಡೆ ಇಪ್ಪತ್ತು ದಿನದಾಗ ಕೂಸು ಎಲ್ಲೆರೆ ಹೋಗಿತ್ತೇನು?"

ಹೋಗಿತ್ತು. ಹದಿನೇಳು ದಿನದ ಹಿಂದೆ, ಸಿಂದಗಿಗೆ. ರುಕ್ಮವ್ವನ ತಮ್ಮ ಭೀಮಶ್ಯಾನ ಮಗಳ ಮದುವೆ. ಭಾಗ್ಯಾ ವಾಂತಿ ಅಂತ ಮನೆಯಲ್ಲೇ ಉಳಿದಳು, ಶೇವಂತಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋದವಳು ಜಯಮಾಲಾ. ಅಲ್ಲಿ ಭೀಮಶ್ಯಾನ ಮೊಮ್ಮಗಳ ಮೈತುಂಬ ಕೆಂಪಗೆ ಎದ್ದಿತ್ತು. "ಬೆವರುಸಾಲಿ" ಅಂದಿದ್ದರು. ಎರಡೂ ಕೂಸುಗಳು ಒಂದೇ ಗಂಗಾಳದಲ್ಲಿ ಬುಂದೆ ಆರಿಸಿಕೊಂಡು ತಿಂದಿದ್ದವು. ಕೇಳಿದ ಡಾಕ್ಟರು, "ಅದು ರುಬೆಲ್ಲಾನ ಇದ್ದಿರಬೇಕು" ಅಂದರು. ಸಿಂದಗಿಗೂ ತಾನೇ ಒಯ್ದದ್ದು, ಸೂಜಿಗೂ ತಾನೇ ಒಯ್ದದ್ದು.

ಬೇವಿನ ಸೊಪ್ಪು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ರುಕ್ಮವ್ವನಿಗೆ ಈಗ ತಡೆಯಲಾಗಲಿಲ್ಲ. "ಡಾಕ್ಟರಬಾಯಾರ, ನನಗೊಂದು ತಿಳೀವಲ್ತು. ಸೂಜಿಯೊಳಗ ಇರೂದೂ ಅದ ಬ್ಯಾನಿ ಅಂತೀರಿ. ಸಿಂದಗ್ಯಾಗ ಇದ್ದದ್ದೂ ಅದ ಬ್ಯಾನಿ ಅಂತೀರಿ. ಎರಡೂ ಒಂದ ಅಂದ ಮ್ಯಾಲ ಯಾವುದಾದ್ರೇನು?"

ಡಾಕ್ಟರ್ ವರದಾ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತರು.

"ಒಂದ ಬಳ್ಳಿದು ಖರೇರಿ, ಗುಣ ಬ್ಯಾರೆ. ಈ ಸೂಜಿಯೊಳಗಿನ ರುಬೆಲ್ಲಾ ಅದಲ್ಲಾ, ಅದನ್ನ ಅರವತ್ತು ವರ್ಷದ ಹಿಂದ ಹೊರದೇಶದಾಗ ಒಂದು ಕೂಸಿನಿಂದ ತಗದದ್ದು. ಹುಟ್ಟದ ಕೂಸು. ತಾಯಿಗೆ ಬಸರಿನ್ಯಾಗ ಈ ಬ್ಯಾನಿ ಬಂದಿತ್ತು, ಕೂಸಿಗೂ ಹತ್ತಿತ್ತು, ಆ ಬಸರು ಉಳೀಲಿಲ್ಲ. ಅದರೊಳಗಿಂದ ತಗದು ಗಾಜಿನ ತಟ್ಟಿಯೊಳಗ ಬೆಳಸಿದ್ರು. ನಮ್ಮ ಮೈಯಷ್ಟು ಬೆಚ್ಚಗಲ್ಲ, ಸ್ವಲ್ಪ ತಣ್ಣನ ಜಾಗಾದಾಗ. ಒಂದು ತಟ್ಟಿಯಿಂದ ಇನ್ನೊಂದು ತಟ್ಟಿಗೆ, ಅಲ್ಲಿಂದ ಮತ್ತೊಂದಕ್ಕ, ಇಪ್ಪತ್ತು ಇಪ್ಪತ್ತೈದು ಸಲ. ಆ ತಂಪಿನ್ಯಾಗ ಬಾಳೇ ಮಾಡಿ ಮಾಡಿ ಅದಕ್ಕ ಮೊದಲಿನ ಸಿಟ್ಟು ಹೋತು. ಮೈಯೊಳಗ ಬಂದ್ರ ಒಂದು ಸ್ವಲ್ಪ ಓಡಾಡ್ತದ, ಮೈಗೆ ಗುರುತು ಕೊಡ್ತದ, ಸುಮ್ಮ ಹೋಗ್ತದ. ಆಚಿ ಮಂದಿಗೆ ದಾಟೂದಿಲ್ಲ."

"ಏನ ಬದಲಾತ್ರಿ ಅದರೊಳಗ?"

"ಅದರ ಮೈಯಾಗ ಒಂದು ಚೀಟಿ ಇರ್ತದ ಅಂತ ತಿಳ್ಕೋರಿ. ಹೆಂಗ ಬೆಳೀಬೇಕು, ಹೆಂಗ ಹರಡಬೇಕು ಅಂತ ಬರದ ಚೀಟಿ. ಸುಮಾರು ಹತ್ತು ಸಾವಿರ ಅಕ್ಷರ. ಹಳೇದರ ಚೀಟಿಗೂ ಸೂಜಿಯೊಳಗಿಂದರ ಚೀಟಿಗೂ ಅಲ್ಲೊಂದು ಇಲ್ಲೊಂದು ಅಕ್ಷರ ಬ್ಯಾರೆ, ಅಷ್ಟ. ಅದರಾಗ ಯಾವ ಅಕ್ಷರ ಬದಲಾಗಿದ್ದಕ್ಕ ಸಿಟ್ಟು ಇಳೀತು ಅನ್ನೂದು ಪೂರಾ ಇನ್ನೂ ತಿಳದಿಲ್ಲ. ಈಗ ಊರಾಗ ತಿರಗ್ಯಾಡೂದು ಇನ್ನೂ ದೂರ ಹೋಗೇದ, ಅದರ ಅಕ್ಷರ ಮತ್ತೂ ಬ್ಯಾರೆ. ಬೆಂಗಳೂರಾಗ ಆ ಚೀಟಿ ಓದ್ತಾರ. ಓದಿದ್ರ ಇದು ಯಾವ ಮನಿದು ಅಂತ ಗೊತ್ತಾಗ್ತದ."

ರುಕ್ಮವ್ವ ಬೇವಿನ ಸೊಪ್ಪು ಕೆಳಗಿಟ್ಟಳು. ಅವಳ ತವರಿನಲ್ಲಿ ಕುರಿ ಸಾಕುತ್ತಿದ್ದರು. "ಕುರಿ ಕಿವಿ ಗುರುತಿನಂಗ ಅನ್ರಿ. ಎರಡು ಹಿಂಡು ಕೂಡಿದ್ರೂ ಕಿವಿ ಹಿಡದು ನೋಡಿದ್ರ ಯಾರದ್ದು ಅಂತ ತಿಳೀತಿತ್ತು."

"ಬರೋಬ್ಬರಿ ಅದ ನೋಡ್ರಿ" ಅಂದರು ಡಾಕ್ಟರು. ಅವರಿಗೇ ಖುಷಿಯಾಯಿತು.

"ಸಿಂದಗೀದಾಗಿದ್ರ?" ಅಂತ ಕೇಳಿದಳು ಭಾಗ್ಯಾ. ಅಡಿಗೆಮನೆಯ ಹೊಸ್ತಿಲಿನಿಂದ ಅವಳು ಒಂದು ಹೆಜ್ಜೆಯೂ ಆಚೆ ಇಟ್ಟಿರಲಿಲ್ಲ, ಕಿವಿ ಮಾತ್ರ ಇಲ್ಲೇ ಇತ್ತು.

ಡಾಕ್ಟರು ಅವಳ ಕಡೆ ತಿರುಗಿದರು. "ನಿಮ್ಮ ರಕ್ತದಾಗ ಮೊದಲಿಂದ ಕಾವಲು ಇದ್ರ ಏನೂ ಆಗೂದಿಲ್ಲ ತಂಗೀ. ಕಾವಲು ಇರಲಿಲ್ಲ, ಮತ್ತ ಇದು ಸಿಂದಗೀದು ಅಂದ್ರ, ಹೊಟ್ಟಿಯೊಳಗಿನ ಕೂಸಿಗೆ ಹತ್ತೂ ಸಂಭವ ಅದ. ಕಣ್ಣು, ಕಿವಿ, ಎದಿ, ಇವಕ್ಕ ಪೆಟ್ಟು ಬೀಳ್ತದ. ಅದನ್ನ ಮುಚ್ಚಿ ಹೇಳಾಕ ಬರೂದಿಲ್ಲ. ಗುಳ್ಳಿ ಏಳೂಕಿಂತ ಮೊದಲ ನಿಮಗ ಹತ್ತಿರಬಹುದು, ಆದ್ರೂ ವರದಿ ಬರೂತನಕ ಕೂಸನ್ನ ದೂರ ಇಡ್ರಿ."

ಗುರುವಾರ ಭಾಗ್ಯಾಳ ರಕ್ತದ ವರದಿ ಬಂತು. ಕಾವಲು ಇರಲಿಲ್ಲ.

ಇನ್ನು ಉಳಿದದ್ದು ಬೆಂಗಳೂರಿನ ಚೀಟಿ ಒಂದೇ. ಮನೆ ಎರಡು ಭಾಗವಾಯಿತು. ಪಡಸಾಲೆಯಲ್ಲಿ ಜಯಮಾಲಾ ಮತ್ತು ಶೇವಂತಿ, ಹಿಂದಿನ ಖೋಲಿಯಲ್ಲಿ ಭಾಗ್ಯಾ, ನಡುವೆ ಫರಸಿ ಕಲ್ಲು ಹಾಸಿದ ಅಂಗಳ. ಜಯಮಾಲಾಳ ಗಂಡ ಸೋಮನಿಂಗ ಮಾತು ಕಡಿಮೆಯ ಮನುಷ್ಯ. ಹೊಲದಿಂದ ಬಂದವನು ಕೈಕಾಲು ತೊಳೆದು, ಯಾವ ಕಡೆ ಕೂರಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ಕೂರುವನು. ರುಕ್ಮವ್ವ ಮಾತ್ರ ಎರಡೂ ಕಡೆ ಓಡಾಡುವಳು. ಹಡೆದವಳು ಮುಟ್ಟದೆ ತಾಯಿ ಹೇಗೆ ತಣ್ಣಗಾಗುತ್ತಾಳೆ ಎನ್ನುವ ಚಿಂತೆಯನ್ನು ಅವಳೇ ಬಗೆಹರಿಸಿದಳು. ದೇವರ ಜಗಲಿಯ ಮುಂದೆ ನಿಂತು, "ಯವ್ವಾ, ಇಕಿ ಎರಡು ಜೀವದಾಕಿ. ನೀನೂ ಹೆಣ್ಣು, ನಿನಗ ತಿಳೀತೈತಿ. ಸಿಟ್ಟಾಗಬ್ಯಾಡ" ಅಂತ ಗಟ್ಟಿಯಾಗಿ ಹೇಳಿ ಬಂದಳು.

ಕೂಸಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಎರಡು ದಿನಕ್ಕೆ ಜ್ವರ ಇಳಿಯಿತು, ಗುಳ್ಳೆ ಮಾಸಿತು, ಹಟ ಹುಟ್ಟಿತು. ಹೊಸ್ತಿಲಿಗೆ ಬಂದು, ಅಂಗಳದ ಆಚೆ ಕಾಣುವ ತಾಯಿಗೆ ಕೈ ಚಾಚಿ, "ಯವ್ವಾ, ಎತ್ತು" ಅನ್ನುವಳು. ಭಾಗ್ಯಾ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುವಳು. ಒಂದು ಮಧ್ಯಾಹ್ನ ಅಳು ನಿಲ್ಲಲೇ ಇಲ್ಲ. ಆಗ ಭಾಗ್ಯಾ ಒಳಗೆ ಹೋಗಿ, ಆ ವಾರ ತವರಿನಿಂದ ಬಂದಿದ್ದ ಚೀಲದಿಂದ ಒಂದು ಲಿಂಬೆಹಣ್ಣು ತಂದು, ಕೂತು, ಅಂಗಳದ ಮೇಲೆ ಉರುಳಿಸಿದಳು. ಹಣ್ಣು ಫರಸಿಯ ಸಂದಿನಲ್ಲಿ ಕುಣಿಯುತ್ತ ಬಂದು ಶೇವಂತಿಯ ಕಾಲಿಗೆ ತಾಗಿತು. ಅಳು ನಿಂತಿತು. ಕೂಸು ಎತ್ತಿ ಮೂಸಿತು, ಕಚ್ಚಿತು, ಮುಖ ಕಿವುಚಿತು. ಭಾಗ್ಯಾ ನಕ್ಕಳು. ಕಣ್ಣೊಳಗೆ ನೀರು, ಬಾಯಲ್ಲಿ ನಗು.

ಅದೇ ಆಟವಾಯಿತು. ಆ ಕಡೆಯಿಂದ ಹಣ್ಣು ಉರುಳಿ ಬರುವುದು, ಈ ಕಡೆಯಿಂದ ಶೇವಂತಿ ತಿರುಗಿ ಉರುಳಿಸಬೇಕೆನ್ನುವುದರೊಳಗೆ ಜಯಮಾಲಾ ಹಿಡಿದುಬಿಡುವುದು. ಕೂಸಿನ ಎಂಜಲು ಹತ್ತಿದ ಹಣ್ಣು ಅಂಗಳ ದಾಟಕೂಡದು. ಹೀಗೆ ಪಡಸಾಲೆಯ ಮೂಲೆಯಲ್ಲಿ ಲಿಂಬೆಹಣ್ಣಿನ ಗುಡ್ಡೆ ಬೆಳೆಯಿತು. ಜಯಮಾಲಾ ಅವನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಹೋಳು ಮಾಡಿ ಉಪ್ಪು ಹಚ್ಚಿ ಭರಣಿಗೆ ತುಂಬಿದಳು. ಕೈ ಸುಮ್ಮನಿದ್ದರೆ ಮನಸ್ಸು ಎಲ್ಲೆಲ್ಲೋ ಹೋಗುತ್ತಿತ್ತು.

ಎಲ್ಲಿಗೆ ಹೋಗುತ್ತಿತ್ತು ಅಂತ ಹೇಳಿಯೇ ಬಿಡುತ್ತೇನೆ. ಹದಿನೇಳು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ಜಯಮಾಲಾ ಮಲಗಿದ್ದಳು. ಆಗ ಅವಳಿಗೆ ಮೂರು ತಿಂಗಳು. ಮೂರೇ ದಿನ ಮೈಮೇಲೆ ಕೆಂಪಗೆ ಎದ್ದಿತ್ತು. ರುಕ್ಮವ್ವ ಬೇವಿನ ಗೊಂಚಲಿನಿಂದ ಗಾಳಿ ಹಾಕಿ, ಮೊಸರನ್ನ ಉಣ್ಣಿಸಿ ನೋಡಿಕೊಂಡಿದ್ದಳು. ತಿಂಗಳು ತುಂಬಿ ಗಂಡುಮಗು ಹುಟ್ಟಿತು. ಸಿದ್ದಾರೂಢ ಅಂತ ಹೆಸರಿಟ್ಟರು. ಕಣ್ಣಪಾಪೆ ಹಾಲು ಹನಿಸಿದ ಹಾಗೆ ಬೆಳ್ಳಗಿತ್ತು. ಎದೆ ಗುಬ್ಬಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಐವತ್ತೊಂದು ದಿನ ಬದುಕಿತು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಗ್ರಹಣದ ದೋಷ ಅಂದರು ಮಂದಿ, ಅವಳೂ ಹಾಗೇ ತಿಳಿದಳು. ಎಷ್ಟೋ ವರ್ಷದ ಮೇಲೆ ಬಸವನ ಬಾಗೇವಾಡಿಯಲ್ಲಿ ಆಶಾ ತರಬೇತಿ ನಡೆದಾಗ, ಗೋಡೆಯ ಮೇಲೆ ಒಂದು ಕೂಸಿನ ಚಿತ್ರ ಬಂತು. ಅದೇ ಕಣ್ಣು. ಕೆಳಗೆ ರುಬೆಲ್ಲಾ ಅಂತ ಬರೆದಿತ್ತು. ಜಯಮಾಲಾ ಎದ್ದು ಹೊರಗೆ ಹೋಗಿ ನಳದ ಕೆಳಗೆ ತಲೆಯೊಡ್ಡಿ ನಿಂತಳು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳಿದರೆ, ತಾನು ಕೈಯಾರೆ ಗಾಳಿ ಹಾಕುತ್ತ ಕೂತಿದ್ದು ಎಂಥ ಬೇನೆಯ ಮುಂದೆ ಅಂತ ತಿಳಿದು ರುಕ್ಮವ್ವ ಮುರಿದುಹೋಗುತ್ತಾಳೆ ಅನಿಸಿತು. ಅಂದಿನಿಂದಲೇ ಅವಳು ಊರಿಗೆಲ್ಲ ತಾರೀಖಿನಾಕಿ ಆದದ್ದು.

ಶನಿವಾರ ಭಾಗ್ಯಾಳ ಗಂಡ ಚೇತನಕುಮಾರ ತಾಳಿಕೋಟೆಯಿಂದ ಬಂದ. ಅಲ್ಲಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮುದ್ದೇಬಿಹಾಳದ ಬಸ್ಸು ತಪ್ಪಿಸಿಕೊಂಡು, ಯಾರದೋ ಗಾಡಿಯಲ್ಲಿ ನಿಡಗುಂದಿಗೆ ಬಂದು, ಅಲ್ಲಿಂದ ಮತ್ತೊಂದು ಬಸ್ಸು ಹಿಡಿದು ಮುಖವೆಲ್ಲ ಧೂಳು ಮಾಡಿಕೊಂಡಿದ್ದ. ಐದು ದಿನ ಫೋನಿನಲ್ಲಿ ಓದಬಾರದ್ದನ್ನೆಲ್ಲ ಓದಿದ್ದ, ನೋಡಬಾರದ ಚಿತ್ರಗಳನ್ನೆಲ್ಲ ನೋಡಿದ್ದ. ಚಹಾ ಲೋಟ ಕೈಯಲ್ಲಿ ಹಿಡಿದವನು ಕುಡಿಯಲಿಲ್ಲ.

"ಅವ್ವಾ, ಸೋಮವಾರ ಇಕಿನ್ನ ವಿಜಯಪುರಕ್ಕ ಕರ್ಕೊಂಡು ಹೋಗ್ತೇನಿ. ತಗಸಿಬಿಡೂನು" ಅಂದ.

ಭಾಗ್ಯಾ ಖೋಲಿಯ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಹೊಟ್ಟೆ ಇನ್ನೂ ಕಾಣುತ್ತಲೂ ಇರಲಿಲ್ಲ.

"ವರದಿ ಬರ್ಲಿ, ಚೇತನಾ" ಅಂದಳು ಜಯಮಾಲಾ ಪಡಸಾಲೆಯಿಂದ. ಶೇವಂತಿ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

"ಬರೂತನಕ ಏನ ಮಾಡೂದು ವೈನೀ? ದಿನಾ ಹೋದಂಗ ಕೂಸು ಬೆಳೀತೈತಿ, ಜೀವಾ ಹಚ್ಚಿಕೊಳ್ತೇವಿ. ಆಮ್ಯಾಲ ಕುಡ್ಡೋ ಕಿವುಡೋ ಹುಟ್ಟಿ, ಕಣ್ಣ ಮುಂದ..." ಅವನ ದನಿ ಒಡೆಯಿತು. ಸಿಟ್ಟು ಬಂತು. "ನಿಮಗೇನು ಗೊತ್ತಾಗ್ತೈತಿ ವೈನೀ ಅದು!"

ಸೋಮನಿಂಗ ಕಟ್ಟೆಯ ಮೇಲಿಂದ, "ಲೇ, ಚೇತನ್ಯಾ!" ಅಂದ. ಜಯಮಾಲಾ ಗಂಡನಿಗೆ ಬೇಡ ಎನ್ನುವಂತೆ ಕೈ ಮಾಡಿದಳು.

"ಗೊತ್ತೈತಿ" ಅಂದಳು. "ಈ ಮನ್ಯಾಗ ನನ್ನಷ್ಟು ಯಾರಿಗೂ ಗೊತ್ತಿಲ್ಲ. ನನ್ನ ಸಿದ್ದಾರೂಢಗ ಆಗಿದ್ದು ಅದ."

ಹದಿನೇಳು ವರ್ಷದಲ್ಲಿ ಆ ಹೆಸರು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಜಯಮಾಲಾ ಎಲ್ಲ ಹೇಳಿದಳು. ಮೂರು ದಿನದ ಗುಳ್ಳೆ, ಗೋಡೆಯ ಮೇಲಿನ ಚಿತ್ರ, ನಳದ ನೀರು. ನಡುವೆ ಎಲ್ಲಿಯೂ ಅಳಲಿಲ್ಲ. ಹೇಳಿ ಮುಗಿಸಿ ಕಾರ್ಡಿನ ಮಾತೂ ಹೇಳಿದಳು. "ಇಂಡ್ಯಾಗ ಮಾಡಿದ್ದು ಜ್ವರದ ಸೂಜಿ ಭಾಗ್ಯಾ. ಊರ ಮಂದಿಗೆಲ್ಲಾ ತಾರೀಖು ಕೇಳಿದೆ, ನಿನಗ ಕೇಳಲಿಲ್ಲ. ಅವತ್ತ ಕೇಳಿದ್ರ ಕೂಸಿಗೆ ಅವಾಗ ಹಾಕಸ್ತಿದ್ದೆ, ಇವತ್ತ ಈ ಅಂಜಿಕಿನ ಇರ್ತಿರಲಿಲ್ಲ. ಸಿಂದಗಿಗೂ ನಾನ ಒಯ್ದೆ. ಬೈತೀರೇನು ಬೈರಿ. ಆದ್ರ ಒಂದು ಕೇಳ್ರಿ. ಸಿಂದಗೀದ ಅಂತ ಬಂದ್ರ, ನಾನ ನಿಮ್ಮ ಜೋಡಿ ಆಸ್ಪತ್ರಿಗೆ ಬರ್ತೇನಿ, ಬ್ಯಾಡ ಅನ್ನೂದಿಲ್ಲ. ಅದು ಹೆಂಗಿರ್ತೈತಿ ಅಂತ ಐವತ್ತೊಂದು ದಿನಾ ನೋಡೇನಿ. ಸೂಜಿಯದ ಇದ್ರ, ಹೊಟ್ಟ್ಯಾಗಿನ ಕೂಸಿಗೆ ಏನೂ ಆಗಿರೂದಿಲ್ಲ. ಗೊತ್ತಾಗೂ ಮುಂಚೆ ಕೊಲ್ಲಬ್ಯಾಡ್ರೋ."

ಮಾತು ಮುಗಿಸಿ ಕೂಸಿನ ಮೇಲೆ ಸೆರಗು ಎಳೆದಳು.

ಮೊದಲು ಅತ್ತವಳು ರುಕ್ಮವ್ವ. ಕಂಬಕ್ಕೆ ಆತುಕೊಂಡು ಹಾಗೇ ಕುಸಿದು ಕೂತಳು. "ಗ್ರಹಣದ ದಿನಾ ಎಮ್ಮಿ ಹಗ್ಗಾ ಹರಕೊಂಡಿತ್ತು" ಅಂದಳು. "ಕಟ್ಟಿ ಬಾ ಅಂತ ನಿನ್ನ ಹೊರಗ ಕಳಿಸಿದಾಕಿ ನಾನ ಯವ್ವಾ. ನಾ ಕಳಿಸಿದ್ದಕ್ಕ ಕೂಸಿನ ಕಣ್ಣು ಹಂಗಾದ್ವು ಅಂತ ಹದಿನೇಳು ವರ್ಷ... ದೇವರ ಮುಂದ ದೀಪಾ ಹಚ್ಚೂಮುಂದ ದಿನಾ ತಪ್ಪ ಒಪ್ಪಿಕೊಂಡೇನಿ. ನಿನ್ನ ಮಾರಿ ನೋಡಿ ಹೇಳಾಕ ಧೈರ್ಯ ಬರಲಿಲ್ಲ."

ಜಯಮಾಲಾ ಅತ್ತೆಯನ್ನೇ ನೋಡಿದಳು. ಒಬ್ಬರನ್ನೊಬ್ಬರು ನೋಯಿಸಬಾರದೆಂದು ಇಬ್ಬರೂ ಒಂದೇ ಸೂರಿನ ಕೆಳಗೆ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರು. ಎಂಥ ಹುಚ್ಚು! "ಎಮ್ಮಿ ಹಗ್ಗಕ್ಕ ಏನೂ ಆಗಿಲ್ಲ ಅತ್ತೀ. ನಿಮ್ಮಿಂದ ಏನೂ ಆಗಿಲ್ರಿ" ಅಂದಳು. ಕೂಸು ತೊಡೆಯ ಮೇಲಿದ್ದುದರಿಂದ ಏಳಲಾಗಲಿಲ್ಲ. ರುಕ್ಮವ್ವ ತಾನೇ ತೆವಳಿಕೊಂಡು ಬಂದು ಸೊಸೆಯ ಮಂಡಿಗೆ ಹಣೆ ಒತ್ತಿದಳು.

ಚೇತನಕುಮಾರ ಆರಿದ ಚಹಾ ಕೆಳಗಿಟ್ಟ. "ತಪ್ಪಾತು ವೈನೀ" ಅಂದ. ಆಮೇಲೆ ಹೆಂಡತಿಯ ಕಡೆ ನೋಡಿದ. ಆ ಮನೆಯಲ್ಲಿ ಅಷ್ಟು ಹೊತ್ತಾದರೂ ಭಾಗ್ಯಾಳನ್ನು ಯಾರೂ ಏನೂ ಕೇಳಿರಲಿಲ್ಲ.

"ನಾ ಕಾಯ್ತೇನಿ" ಅಂದಳು ಭಾಗ್ಯಾ. "ಏನ ಬರ್ತೈತಿ ಬರ್ಲಿ, ಗೊತ್ತಾಗಿ ಬರ್ಲಿ." ಸ್ವಲ್ಪ ತಡೆದು, ಮೂಗೊರೆಸಿಕೊಂಡು, "ಯಕ್ಕಾ, ನೀ ಕೇಳಿದ್ದಿ. ನಾನ ಬರೇ ಸೂಜಿ ಅಂದೆ. ಜ್ವರದ್ದು ಅಂತ ಹೇಳಾಕ ನನಗ ಬಾಯಿ ಇರಲಿಲ್ಲೇನು?" ಅಂದಳು.

ಅಷ್ಟೇ. ಜಯಮಾಲಾ ಆಗ ಅತ್ತಳು. ಶೇವಂತಿ ಎದ್ದು, ದೊಡ್ಡವ್ವನ ಗದ್ದ ಹಿಡಿದು ಅಲುಗಾಡಿಸಿ ನೋಡಿತು.

ಮತ್ತೆ ಐದು ದಿನ. ಅವು ಹೇಗೆ ಹೋದವೋ ಆ ಮನೆಗೇ ಗೊತ್ತು. ಫೋನು ಬಡಿದರೆ ಒಲೆಯ ಮೇಲಿನ ರೊಟ್ಟಿ ಕರಕಾಗುವುದು. ಸಾಲ ಕೊಡುತ್ತೇವೆ ಎನ್ನುವ ಯಾವಳೋ ಹುಡುಗಿ ಮಾತಾಡಿದರೆ ರುಕ್ಮವ್ವ ಅವಳಿಗೆ ಬಾಯಿಗೆ ಬಂದಂತೆ ಬೈಯುವಳು. ಚೇತನಕುಮಾರ ರಜೆ ಹಾಕಿ ಉಳಿದ. ಅಂಗಳದಲ್ಲಿ ಲಿಂಬೆಹಣ್ಣು ಉರುಳುತ್ತಲೇ ಇತ್ತು. ಭರಣಿ ತುಂಬಿ ಎರಡನೆಯದು ತೆಗೆಯಬೇಕಾಯಿತು.

ಗುರುವಾರ ಹನ್ನೊಂದು ಗಂಟೆಗೆ ಡಾಕ್ಟರ್ ವರದಾ ಅವರ ಫೋನು ಬಂತು. ಜಯಮಾಲಾ ಅಂಗಳದ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಸೋಮನಿಂಗ ಬಂದು ಫೋನು ಹಿಡಿದ.

"ಜಯಮಾಲಾ, ಓದ್ಯಾರ. ಸೂಜಿಯದು. ಅಕ್ಷರಕ್ಕ ಅಕ್ಷರ ಸೂಜಿಯೊಳಗಿಂದಕ್ಕ ಹೊಂದ್ತದ. ಸಿಂದಗೀದಲ್ಲ, ಹೊರಗಿಂದು ಏನೂ ಸಿಕ್ಕಿಲ್ಲ."

"ಕಿವಿ ಗುರುತು ಹತ್ತೇನ್ರಿ?" ಅಂತ ಕೂಗಿದಳು ರುಕ್ಮವ್ವ.

"ಹತ್ತದ್ರೀ ಅವ್ವಾರ" ಅಂದರು ಡಾಕ್ಟರು. ಅವರೂ ನಗುತ್ತಿದ್ದರು, ಇಲ್ಲವೆ ಅಳುತ್ತಿದ್ದರು, ಫೋನಿನಲ್ಲಿ ತಿಳಿಯಲಿಲ್ಲ. "ನಿಮ್ಮ ಹಿಂಡಿಂದ ಅದು. ತಾಯೀ ಕಡೆ ಕೂಸಿನ್ನ ಕೊಡ್ರಿ ಇನ್ನ."

ಕೊಡುವುದೇನು ಬಂತು! ಭಾಗ್ಯಾ ಆಗಲೇ ಅಂಗಳ ದಾಟಿದ್ದಳು. ಶೇವಂತಿಯನ್ನು ಬಾಚಿ ಎತ್ತಿಕೊಂಡಳು, ಕುತ್ತಿಗೆಗೆ ಮುಖ ಹುದುಗಿಸಿದಳು. ಕೂಸು ತಾಯಿಯ ಮುಖಕ್ಕೆ ಒಂದು ಏಟು ಹಾಕಿತು, ಇಷ್ಟು ದಿನ ಎಲ್ಲಿದ್ದಿ ಅನ್ನುವ ಹಾಗೆ. ಆಮೇಲೆ ಎರಡೂ ಕೈಯಿಂದ ಕೂದಲು ಹಿಡಿದುಕೊಂಡು ಬಿಡಲೇ ಇಲ್ಲ. ಚೇತನಕುಮಾರ ಅಂಗಳದಲ್ಲೇ ಕೂತುಬಿಟ್ಟ.

ಮರುದಿನ ಶುಕ್ರವಾರ ರುಕ್ಮವ್ವ ತಾಯಿಯನ್ನು ಕಳಿಸುವ ಕಾರ್ಯ ಇಟ್ಟುಕೊಂಡಳು. ಕೂಸಿಗೆ ಬೇವಿನ ನೀರಿನ ಸ್ನಾನ, ದೇವರಿಗೆ ಮೊಸರನ್ನ, ಮನೆಗೆ ಮತ್ತೆ ಒಗ್ಗರಣೆ. ಭಾಗ್ಯಾ ತಾಯಿ ಕಾರ್ಡನ್ನೂ ಪೆನ್ನನ್ನೂ ತಂದು ಜಯಮಾಲಾಳ ಮುಂದೆ ಹಿಡಿದಳು. "ಬರಿ ಯಕ್ಕಾ." ಜಯಮಾಲಾ ಹಳೆಯ ಟಿಕ್ ಹೊಡೆದುಹಾಕಿ, ಮಗ್ಗುಲಲ್ಲಿ ಮೊದಲನೇ ಡೋಸಿನ ತಾರೀಖು ದುಂಡಗೆ ಬರೆದಳು. "ನಿನಗೂ ಹಾಕಸ್ತೇನಿ, ಹಡದ ಮ್ಯಾಲ" ಅಂದಳು. "ಯಾವ ಸೂಜಿ? ಹೆಸರು ಹೇಳು" ಅಂದಳು ಭಾಗ್ಯಾ. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ರುಕ್ಮವ್ವ ಎರಡು ಮೊರಗಳಲ್ಲಿ ಉಡಿ ಸಾಮಾನು ಜೋಡಿಸಿದ್ದಳು. ಅಕ್ಕಿ, ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು. ಒಂದು ಮೊರದ್ದನ್ನು ಭಾಗ್ಯಾಳ ಉಡಿಗೆ ತುಂಬಿದಳು. ಇನ್ನೊಂದನ್ನು ಎತ್ತಿಕೊಂಡು ಜಯಮಾಲಾಳ ಕಡೆ ತಿರುಗಿದಳು. ಜಯಮಾಲಾ ಹಿಂದೆ ಸರಿದಳು. ಸಿದ್ದಾರೂಢ ಹೋದ ಮೇಲೆ ಅವಳು ಯಾರ ಮನೆಯಲ್ಲೂ ಉಡಿ ತುಂಬಿಸಿಕೊಂಡಿರಲಿಲ್ಲ. ಯಾರು ಕರೆದರೂ ಏನೋ ನೆಪ ಹೇಳಿ ಅಡಿಗೆಮನೆ ಸೇರುವಳು.

"ಬ್ಯಾಡ್ರಿ ಅತ್ತೀ."

"ಇದು ನಿನಗಲ್ಲವಾ" ಅಂದಳು ರುಕ್ಮವ್ವ. "ಆ ಡಾಕ್ಟರಬಾಯಿ ಹೇಳಿದ್ಲಲ್ಲಾ, ಹೊರದೇಶದಾಕಿ. ಹುಟ್ಟದ ಕೂಸಿನ ತಾಯಿ. ಆಕಿ ಕೂಸಿನಿಂದ ತಗದ ಸೂಜಿ ನಮ್ಮ ಕೂಸನ್ನ ಕಾಯ್ತು. ಆಕಿ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಅದಾಳೋ ಇಲ್ಲೋ. ಆಕಿಗೆ ಯಾರ ಉಡಿ ತುಂಬಿದ್ರು ಹೇಳು? ಅದು ನಮ್ಮ ಮನಿಯಿಂದ ಹೋಗಬೇಕು. ಆಕಿ ಬದ್ಲಿ ನೀ ಹಿಡಿ. ಆಕಿ ಹೊಟ್ಟಿಯೊಳಗಿಂದು ನಿನಗಷ್ಟ ತಿಳೀತೈತಿ."

ಜಯಮಾಲಾ ನಿಂತೇ ಇದ್ದಳು. ಭಾಗ್ಯಾ ಬಂದು ಅವಳ ಭುಜ ಹಿಡಿದು ಮಣೆಯ ಮೇಲೆ ಕೂರಿಸಿದಳು. ಜಯಮಾಲಾ ಸೆರಗು ಹರವಿ ಎರಡೂ ಕೈಯಿಂದ ಹಿಡಿದಳು. ರುಕ್ಮವ್ವ ಒಂದೊಂದೇ ಬೊಗಸೆ ಅಕ್ಕಿ ಹಾಕುತ್ತ ಹೋದಳು. ಐದು ಬೊಗಸೆ ಆದ ಮೇಲೆ ಇನ್ನೊಂದು ಬೊಗಸೆ ಹಾಕಿದಳು, "ಇದು ಸಿದ್ದಾರೂಢನ ಅವ್ವಗ" ಅಂದಳು.

ಶೇವಂತಿ ತಾಯಿಯ ಸೊಂಟದಿಂದ ಜಾರಿ ಇಳಿದು, ಮೂಲೆಯಲ್ಲಿ ಉಳಿದಿದ್ದ ಒಂದು ಲಿಂಬೆಹಣ್ಣು ತಂದು, ದೊಡ್ಡವ್ವನ ಉಡಿಯೊಳಗೆ ಅಕ್ಕಿಯ ಮೇಲೆ ಇಟ್ಟಳು. ಜಯಮಾಲಾ ಈ ಸಲ ಅದನ್ನು ತೊಳೆಯಲು ಏಳಲಿಲ್ಲ.